ಹಿಸ್ಟರಿ ಇಲ್ಲದ ಓತಿ

ನನ್ನ ಜಾಕೆಟ್ಟಿನ ಕಾಲರ್ ಅವನ ಕೈಯಲ್ಲಿತ್ತು. ನನ್ನ ಕಾಲು ಗಾಳಿಯಲ್ಲಿತ್ತು.

ಕೆಳಗೆ ಟೈರ್ ಅಂಗಡಿಯ ತಗಡಿನ ಮಾಡು. ಮೇಲೆ ಕಿಟಕಿ. ಕಿಟಕಿಯಲ್ಲಿ ಅವನು... ಆರಡಿಗೂ ಮೀರಿದ ಆಸಾಮಿ. ನನಗೆ ಕೆಲಸ ಒಪ್ಪಿಸಿದವನು ಅವನನ್ನು ‘ಕಂಬ’ ಎಂದು ಕರೆದಿದ್ದ. ಹೆಸರು ಇಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದರು. ಅವನು ಕಂಬದಂತೆ ನಿಂತಿದ್ದ. ನಾನು ಕಂಬಕ್ಕೆ ತೂಗುಹಾಕಿದ ಚೀಲದಂತೆ ಓಲಾಡುತ್ತಿದ್ದೆ!

“ಕೊಡೇ ಅದನ್ನ!”

“ಯಾವುದನ್ನ?”

“ಜಾಕೆಟ್ ಒಳಗೆ ತುರುಕ್ಕೊಂಡಿದ್ದೀಯಲ್ಲ, ಅದನ್ನ!”

“ಬಿಟ್ರೆ ಕೊಡ್ತೀನಿ.”

“ಕೊಟ್ರೆ ಬಿಡ್ತೀನಿ!”

ಇಂಥ ಚರ್ಚೆಗಳಿಗೆ ಕೊನೆ ಇರುವುದಿಲ್ಲ. ನನಗೆ ವಯಸ್ಸು ನಲವತ್ತಾರು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಚರ್ಚೆಗೆ ತ್ರಾಣವಿರಲಿಲ್ಲ.

ಅವನ ಮಣಿಕಟ್ಟನ್ನು ಕಚ್ಚಿದೆ.

ಅವನು ಕೂಗಿದ. ನಾನು ಬಿದ್ದೆ. ಬೆನ್ನು ಕೆಳಗೆ ಮಾಡಿಕೊಂಡೇ ಬಿದ್ದೆ, ಏಕೆಂದರೆ ಎದೆಯ ಮೇಲೆ ಪ್ಲಾಸ್ಟಿಕ್ ಡಬ್ಬಿಯಿತ್ತು. ತಗಡು ಸಿಡಿಲಿನಂತೆ ಸದ್ದು ಮಾಡಿತು. ಅಲ್ಲಿಂದ ಟೈರುಗಳ ರಾಶಿಯ ಮೇಲೆ ಜಾರಿದೆ. ಟೈರಿನವನು ತಲೆಯೆತ್ತಿ ನೋಡಿದ.

“ಪಂಕ್ಚರಾ?” ಎಂದ.

“ಇನ್ನೂ ಇಲ್ಲ,” ಎಂದು ಸ್ಕೂಟರ್ ಹತ್ತಿದೆ.

ನನ್ನ ಉದ್ಯೋಗ ಏನೆಂದು ಇಷ್ಟು ಹೊತ್ತಿಗೆ ನೀವು ಕೇಳಿಕೊಂಡಿರಬೇಕು. ಒಬ್ಬರ ವಸ್ತು ಇನ್ನೊಬ್ಬರ ಮನೆಯಲ್ಲಿದ್ದರೆ ತಂದುಕೊಡುತ್ತೇನೆ. ಬೇರೆಯಾದ ಗಂಡ ಹೊತ್ತೊಯ್ದ ಹೊಲಿಗೆ ಯಂತ್ರ. ಪಾಲಾಗುವ ಮೊದಲೇ ತಮ್ಮ ಎತ್ತಿಟ್ಟುಕೊಂಡ ಅಪ್ಪನ ಗಡಿಯಾರ. ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಮಾನವಾಗುತ್ತದೆ. ನಾನು ಹೋದರೆ ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಈ ಸಲ ಕರೆದವನು ಜಾಹೀರಾತಿನ ಫೋಟೋಗ್ರಾಫರ್. ಬಿಳಿ ಸ್ಟುಡಿಯೋ, ಬಿಳಿ ಸೋಫಾ, ಬಿಳಿ ಶೂ.

“ನನ್ನ ಡ್ರೈವರ್ ಕಂಬ ಕದ್ದಿದ್ದಾನೆ. ಮೊನ್ನೆ ತಾನೇ ತರಿಸಿದ್ದು. ನಾಳೆ ಶೂಟ್ ಇದೆ. ಇವತ್ತು ಸಂಜೆಯೊಳಗೆ ಬೇಕು.”

“ಏನದು?”

“ಬಿಯರ್ಡೆಡ್ ಡ್ರ್ಯಾಗನ್. ಮರಿ. ಓತಿಕ್ಯಾತ ಇರುತ್ತಲ್ಲ, ಹಾಗೇ. ಗದ್ದದ ಕೆಳಗೆ ಮುಳ್ಳು ಮುಳ್ಳು ಗಡ್ಡ.”

“ಹೆಸರು ಇಟ್ಟಿದ್ದೀರಾ? ಕರೆದರೆ ತಿರುಗುತ್ತಾ?”

“ಹೆಸರಾ? ಅದು ಪ್ರಾಪರ್ಟಿ ರೀ! ಸೋಪಿನ ಪಕ್ಕ ಕೂರಬೇಕು. ಅಷ್ಟೇ ಅದರ ಕೆಲಸ.”

ನಾನು ಇನ್ನೇನೂ ಕೇಳಲಿಲ್ಲ. ವಸ್ತು ಯಾರದ್ದು, ಎಲ್ಲಿದೆ... ನನ್ನ ವೃತ್ತಿಯಲ್ಲಿ ಎರಡೇ ಪ್ರಶ್ನೆ. ‘ಯಾಕೆ ಹೋಯಿತು’ ಎಂದು ಕೇಳತೊಡಗಿದರೆ ಎಲ್ಲರ ಕತೆಯೂ ಸರಿ ಅನ್ನಿಸುತ್ತದೆ. ಆಮೇಲೆ ಯಾರ ಕಿಟಕಿಯನ್ನೂ ಹತ್ತಲಾಗುವುದಿಲ್ಲ.

ಮುಖ್ಯರಸ್ತೆಗೆ ಬಂದಾಗ ಕನ್ನಡಿಯಲ್ಲಿ ಬಿಳಿ ವ್ಯಾನ್ ಕಾಣಿಸಿತು. ಸ್ಟೀರಿಂಗಿನ ಹಿಂದೆ ಕಂಬ. ಒಂದು ಕೈಯಲ್ಲಿ ಚಕ್ರ, ಇನ್ನೊಂದು ಕೈ ಕಿಟಕಿಯಾಚೆ. ಏನೋ ಕೂಗುತ್ತಿದ್ದ. ಹಿಂದೆ ಬಿದ್ದವರು ಕೂಗುವುದು ನನಗೆ ಹೊಸದಲ್ಲ. ಎಲ್ಲರೂ ಕೂಗುವುದು ಒಂದೇ ಸಾಹಿತ್ಯ. ಗಾಳಿಯಲ್ಲಿ ಅದು ಕೇಳದಿದ್ದರೆ ನಷ್ಟವೇನೂ ಇಲ್ಲ.

ಸಿಗ್ನಲ್ ಕೆಂಪಾಯಿತು. ನಮ್ಮ ನಡುವೆ ಒಂದು ಬಸ್ಸು, ಒಂದು ಸಿಮೆಂಟ್ ಲಾರಿ.

ಆಗ ಕತ್ತಿನ ಹತ್ತಿರ ಏನೋ ಹರಿದಾಡಿತು.

ಉಜ್ಜಿದೆ. ಬೆರಳ ತುದಿಯಲ್ಲಿ ಕಪ್ಪು ಚುಕ್ಕೆ. ಗಸಗಸೆಗಿಂತ ಚಿಕ್ಕದು. ನೋಡುತ್ತಿದ್ದಂತೆ ಚುಕ್ಕೆ ನಡೆಯತೊಡಗಿತು!

ಜಿಪ್ ಇಳಿಸಿ ಡಬ್ಬಿಯ ಮುಚ್ಚಳ ತೆರೆದೆ. ಮರದ ಹೊಟ್ಟಿನ ಮೇಲೆ ಅದು ಮಲಗಿತ್ತು. ಬಾಲ ಸೇರಿಸಿದರೂ ಗೇಣುದ್ದವಿಲ್ಲ. ಒಣಗಿದ ಜೇಡಿಮಣ್ಣಿನ ಬಣ್ಣ. ಕಣ್ಣು ಅರ್ಧ ಮುಚ್ಚಿತ್ತು. ಕಣ್ಣಿನ ಅಂಚಿನಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ. ಆ ಗೆರೆಯೂ ನಡೆಯುತ್ತಿತ್ತು. ಕಿವಿಯ ಗುಂಡಿಯಲ್ಲಿ ಚುಕ್ಕೆ. ಕಂಕುಳಲ್ಲಿ ಚುಕ್ಕೆ. ಹುರುಪೆಹುರುಪೆಯ ಸಂದಿಯಲ್ಲೂ ಚುಕ್ಕೆ.

ನುಸಿ.

ಕಾಲೇಜಿನಲ್ಲಿ ನಾನು ಓದಿದ್ದು ಪ್ರಾಣಿಶಾಸ್ತ್ರ. ಮೈಕ್ರೋಸ್ಕೋಪಿನ ಕೆಳಗೆ ಇವುಗಳ ಎಂಟು ಕಾಲುಗಳನ್ನು ಎಣಿಸಿ ಚಿತ್ರ ಬರೆದವಳು. ಉಣ್ಣೆಯ ದಾಯಾದಿಗಳು ಇವು. ರಕ್ತ ಕುಡಿಯುತ್ತವೆ. ದೊಡ್ಡ ಪ್ರಾಣಿಗೆ ಅದು ಬರೀ ಕಡಿತ. ಬೆರಳಷ್ಟು ಮರಿಗೆ ಅದೇ ಸಾವು.

ನೇರವಾಗಿ ಸ್ಟುಡಿಯೋಗೆ ಹೋಗಿ ಒಪ್ಪಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಸಾಯುತ್ತಿರುವ ಮಾಲು ತಂದುಕೊಟ್ಟರೆ ಹೆಸರು ಕೆಡುತ್ತದೆ. ಇದು ನಾನು ನನಗೆ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು. ಮರಿ ನಾಲಿಗೆ ಚಾಚಿ ನನ್ನ ಹೆಬ್ಬೆರಳನ್ನು ಒಮ್ಮೆ ಮುಟ್ಟಿ ನೋಡಿತು. ಯಾರು ಎಂದು ವಿಚಾರಿಸಿದ ಹಾಗೆ.

ಸಿಗ್ನಲ್ ಹಸಿರಾಯಿತು. ನಾನು ಎಡಕ್ಕೆ ತಿರುಗಿದೆ. ಒನ್‌ವೇ... ಎದುರಿನಿಂದ ಬರುವವರಿಗೆ!

ಹಾರ್ನ್, ಬೈಗುಳ, ಒಬ್ಬ ಮುದುಕನ ಛತ್ರಿ. ಎಲ್ಲವನ್ನೂ ದಾಟಿ ಲಾಂಡ್ರಿಯ ಹಿತ್ತಿಲಿಗೆ ನುಗ್ಗಿದೆ. ಸಾಲು ಸಾಲು ಒದ್ದೆ ಬೆಡ್‌ಶೀಟು. ಆಸ್ಪತ್ರೆಯದ್ದಿರಬೇಕು. ಒಂದು ನನ್ನ ಮುಖಕ್ಕೆ ಅಂಟಿಕೊಂಡು ಮೂರು ಹಗ್ಗದವರೆಗೆ ಜೊತೆಗೆ ಬಂತು. ಹಿಂದೆ ವ್ಯಾನ್ ಕಿರ್ರೆಂದು ನಿಂತ ಸದ್ದು. ಬಾಗಿಲು ಬಡಿದ ಸದ್ದು. ಆಮೇಲೆ ಕಾಲಿನ ಸದ್ದು... ಉದ್ದ ಕಾಲಿನದ್ದು.

ಒಂದು ಓತಿಗೋಸ್ಕರ ಇಷ್ಟು ಓಡುವವನನ್ನು ನಾನು ನೋಡಿರಲಿಲ್ಲ. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ನನ್ನ ಹಿಂದೆ ಓಡಿಬಂದವರೆಲ್ಲ ಹೊಡೆಯಲೆಂದೇ ಬಂದಿದ್ದರು.

ಈ ಊರಿನಲ್ಲಿ ಹಲ್ಲಿ, ಹಾವು, ಆಮೆಗೆ ಮದ್ದು ಕೊಡುವ ಡಾಕ್ಟರ್ ಒಬ್ಬನೇ. ಅವನ ಕ್ಲಿನಿಕ್ಕಿಗೆ ನಾನು ಆರು ವರ್ಷದಿಂದ ಕಾಲಿಟ್ಟಿರಲಿಲ್ಲ. ಅದಕ್ಕೂ ಮೊದಲು ಅವನು ನನ್ನ ಗಂಡನಾಗಿದ್ದ.

ಮಧ್ಯಾಹ್ನದ ಹೊತ್ತು. ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿ ಉಳಿದರ್ಧವನ್ನೂ ಎಳೆದು ಒಳಗಿನ ಚಿಲಕ ಹಾಕಿದೆ. ಅವನು ಮೇಜಿನ ಮುಂದೆ ಕೂತು ಬ್ರೆಡ್ ತಿನ್ನುತ್ತಿದ್ದ. ಕೂದಲು ನೆರೆತಿತ್ತು. ಅಂಚು ತೆಗೆದು ಬ್ರೆಡ್ ತಿನ್ನುವ ಚಾಳಿ ಮಾತ್ರ ಹಾಗೇ ಇತ್ತು.

“ನೀನಾ?”

“ನಾನೇ.”

“ಲಾಯರ್ ಎಲ್ಲಿ?”

“ಹೊರಗೆ ಒಬ್ಬ ಬರ್ತಿದ್ದಾನೆ. ಲಾಯರ್ ಅಲ್ಲ. ಬೀಗ ಎಲ್ಲಿಟ್ಟಿದ್ದೀಯ?”

“ಶುರುವಾಯ್ತಾ...” ಅವನು ಉಸಿರು ಬಿಟ್ಟ. ಹನ್ನೊಂದು ವರ್ಷದ ಸಂಸಾರದಲ್ಲಿ ದಿನಕ್ಕೊಮ್ಮೆ ಕೇಳಿದ ಅದೇ ಉಸಿರು.

ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವನು ನೋಡಿದ. ಬ್ರೆಡ್ ಪಕ್ಕಕ್ಕೆ ಹೋಯಿತು. ಮುಖ ಬದಲಾಯಿತು. ಈ ಒಂದು ಗುಣ ಅವನಲ್ಲಿ ಮೊದಲಿನಿಂದಲೂ ಇತ್ತು. ಕಾಯಿಲೆಯ ಪ್ರಾಣಿ ಎದುರಿಗಿದ್ದರೆ ಅವನು ಜಗಳ ಮರೆಯುತ್ತಿದ್ದ. ನನಗೆ ಯಾವತ್ತೂ ಕಾಯಿಲೆ ಬರದಿದ್ದದ್ದೇ ನಮ್ಮ ತೊಂದರೆಯಾಯಿತೇನೋ!

“ಮೊದಲು ಆ ಹೊಟ್ಟು ಆಚೆ ಹಾಕು. ಕವರ್‌ಗೆ ತುಂಬಿ ಬಿಗಿಯಾಗಿ ಗಂಟು ಕಟ್ಟು. ಡಬ್ಬಿನೂ ಅದರೊಳಗೇ ಹಾಕು.”

“ಡಬ್ಬಿ ಯಾಕೆ? ತೊಳೆದರಾಯ್ತು.”

“ಓದಿದ್ದೆಲ್ಲ ಮರೆತೆಯಾ? ನುಸಿ ಮೈಮೇಲೆ ಮೊಟ್ಟೆ ಇಡಲ್ಲ. ಹೊಟ್ಟೆ ತುಂಬಿದ ಮೇಲೆ ಇಳಿದು ಹೋಗಿ ಸಂದಿಗೊಂದಿಯಲ್ಲಿ ಇಡುತ್ತೆ. ಪ್ರಾಣಿ ಒಂದನ್ನೇ ತೊಳೆದು ಮತ್ತೆ ಅದೇ ಡಬ್ಬಿಗೆ ಹಾಕಿದರೆ, ತೊಳೆದವರಿಗೆ ಸಮಾಧಾನ ಅಷ್ಟೇ.”

ಬೇಸಿನ್ನಿಗೆ ಉಗುರುಬೆಚ್ಚಗಿನ ನೀರು ಬಿಟ್ಟ. ಮಣಿಕಟ್ಟಿನ ಒಳಭಾಗ ಅದ್ದಿ ನೋಡಿದ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಹಾಕಿದ. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಮರಿಯನ್ನು ಇಳಿಬಿಟ್ಟ. ನೀರು ಅದರ ಮೊಣಕೈವರೆಗೆ ಮಾತ್ರ. ಗದ್ದದ ಕೆಳಗೆ ಅವನ ಬೆರಳು ಆಸರೆ.

“ಕಣ್ಣಿಗೆ ಈ ನೀರು ಬೇಡ. ಬೇರೆ ಬಟ್ಟಲಲ್ಲಿ ಬರೀ ನೀರು ತಗೋ. ಹತ್ತಿಕಡ್ಡಿಯಿಂದ ಒಂದೊಂದೇ ತೆಗಿ. ಒತ್ತಬೇಡ.”

ತೆಗೆದೆ. ಬೇಸಿನ್ನಿನ ನೀರ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆಗಳು ತೇಲಿದವು. ಮರಿ ಒದ್ದಾಡಲೇ ಇಲ್ಲ. ಓತಿಯ ಜಾತಿ ಒದ್ದಾಡಬೇಕು. ಕಚ್ಚಬೇಕು. ಇದು ಹಿಂಗಾಲನ್ನು ಒದ್ದೆ ದಾರದಂತೆ ಬಿಟ್ಟುಕೊಂಡಿತ್ತು.

“ತುಂಬಾ ಸೋತಿದೆ,” ಎಂದ. “ಹಿಸ್ಟರಿ ಹೇಳು.”

“ಏನು?”

“ಯಾವಾಗ ತಿಂದಿತು? ಎಲ್ಲಿಟ್ಟಿದ್ರು? ಮದ್ದು ಏನಾದ್ರೂ ಹಾಕಿದ್ರಾ?”

“ಗೊತ್ತಿಲ್ಲ.”

“ಇದನ್ನ ಸಾಕಿದವರನ್ನ ಕೇಳು.”

“ಸಾಕಿದವನ ಕಿಟಕಿಯಿಂದ ಎತ್ಕೊಂಡು ಬಂದಿದ್ದೀನಿ. ಕದ್ದ ಮಾಲಿಗೆ ಎಲ್ಲಿಯ ಹಿಸ್ಟರಿ?”

ಅವನು ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಕ್ಕಡಿಯಲ್ಲಿ ಬಟ್ಟೆ ಹಾಸಿ ಮರಿಯನ್ನು ತೂಗಿದ. ನಾಲ್ಕು ಸಕ್ಕರೆ ಅಚ್ಚಿನಷ್ಟೂ ತೂಕವಿಲ್ಲ.

“ಇವತ್ತು ಇಂಜೆಕ್ಷನ್ ಬೇಡ. ರಾತ್ರಿ ಬೆಚ್ಚಗಿಟ್ಟು, ನಾಳೆ ನೋಡಿ ಕೊಡೋಣ.”

“ನಾಳೆ ಶೂಟ್ ಇದೆ. ಸಂಜೆಯೊಳಗೆ ಒಪ್ಪಿಸಬೇಕು.”

“ಒಪ್ಪಿಸೋ ಸ್ಥಿತೀಲಿ ಇದ್ಯಾ ಇದು?”

“ಅದಕ್ಕೇ ಹೇಳ್ತಿರೋದು, ಕೊಡು! ನುಸಿ ಸತ್ತರೆ ತಾನೇ ಇದು ಏಳೋದು? ರಕ್ತ ಕುಡಿದೂ ಕುಡಿದೂ ಮಲಗಿಸಿಬಿಟ್ಟಿವೆ. ಕಾದಷ್ಟೂ ಕಷ್ಟ.”

ತರ್ಕ ಚೆನ್ನಾಗಿತ್ತು. ಅರ್ಧ ಗೊತ್ತಿರುವವರ ತರ್ಕ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಅವನು ಮರಿಯ ಒಸಡು ತೆರೆದು ನೋಡಿದ. ಪೇಲವವಾಗಿತ್ತು. ನನ್ನ ಮಾತಿಗೆ ಸಾಕ್ಷಿ ಸಿಕ್ಕಂತಾಯಿತು. ಕೊನೆಗೂ ಕಪಾಟು ತೆಗೆದ. ಸಣ್ಣ ಶೀಶೆ. ಅದರ ಮದ್ದನ್ನು ನೀರಿನಂಥ ದ್ರವದಲ್ಲಿ ಬೆರೆಸಿ, ಮತ್ತೆ ಬೆರೆಸಿ, ಕೂದಲೆಳೆಯಂಥ ಸೂಜಿಗೆ ಎಳೆದುಕೊಂಡ.

“ಇದು ಸತ್ರೆ ಮತ್ತೆ ಈ ಬಾಗಿಲಿಗೆ ಬರಬೇಡ ನೀನು,” ಎಂದ. ದನಿ ಏರಿಸದೆ.

ಆಗ ಶಟರ್ ಗುಡುಗಿತು!

ಧಡ್! ಧಡ್! ಧಡ್!

ಕಪಾಟಿನ ಗಾಜು ನಡುಗಿತು. ಹಿಂದಿನ ಕೋಣೆಯಲ್ಲಿ ನಾಯಿಗಳು ಎದ್ದವು. ಒಂದು ಬೊಗಳಿತು, ಮಿಕ್ಕವು ದನಿಗೂಡಿಸಿದವು. ಹೊರಗಿನವನು ಏನೋ ಕೂಗುತ್ತಿದ್ದ. ತಗಡಿನ ಸದ್ದಿನಲ್ಲಿ, ನಾಯಿಗಳ ಗಲಾಟೆಯಲ್ಲಿ ಒಂದಕ್ಷರವೂ ಕೇಳಲಿಲ್ಲ.

“ಅವನೇ. ನೀನು ಕೊಡು ಬೇಗ!”

ಶಟರ್ ಎಳೆಯುವ ಕೊಕ್ಕೆ ಗೋಡೆಗೆ ಒರಗಿತ್ತು. ಉದ್ದನೆ ಕಬ್ಬಿಣ. ಕೈಗೆ ತೆಗೆದುಕೊಂಡೆ.

ಡಾಕ್ಟರ್ ಮರಿಯ ಮುಂಗಾಲಿನ ಬುಡ ಹಿಡಿದ. ಸೂಜಿ ಹತ್ತಿರ ತಂದ. ಧಡ್! ಕೈ ಅಲುಗಿತು. ಮತ್ತೆ ತಂದ. ಧಡ್! ಸೂಜಿ ಹಿಂದಕ್ಕೆ ಹೋಯಿತು.

“ಆ ಗಲಾಟೆ ನಿಲ್ಲಿಸು ಮೊದ್ಲು! ಇದೇನು ಆನೆ ಅಲ್ಲ, ಎಲ್ಲೋ ಒಂದು ಕಡೆ ಚುಚ್ಚೋಕೆ!”

“ಬಾಗಿಲು ತೆಗೆದರೆ ಅವನು ನನ್ನನ್ನ...”

“ನಿನ್ನನ್ನ ಏನು ಬೇಕಾದ್ರೂ ಮಾಡಲಿ! ನನ್ನ ಕೈ ನಡುಗಬಾರದು ಅಷ್ಟೇ.”

ಹೀಗೂ ಒಬ್ಬ ಗಂಡ.

ಚಿಲಕ ತೆಗೆದು, ಕೊಕ್ಕೆಯನ್ನು ತಲೆಯ ಮೇಲೆತ್ತಿ ಶಟರನ್ನು ಕಾಲಿನಿಂದ ಮೇಲಕ್ಕೆ ಒದ್ದೆ. ಬೆಳಕು ನುಗ್ಗಿತು. ಬೆಳಕಿನ ಹಿಂದೆ ಕಂಬ. ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ಮಣಿಕಟ್ಟಿನಲ್ಲಿ ನನ್ನ ಹಲ್ಲಿನ ಗುರುತು. ಕೊಕ್ಕೆ ಬೀಸಿದೆ. ಅವನು ಒಂದೇ ಕೈಯಲ್ಲಿ ಹಿಡಿದುಬಿಟ್ಟ. ಸೊಳ್ಳೆ ಹಿಡಿದ ಹಾಗೆ. ಇನ್ನೊಂದು ಕೈ ಮುಂದೆ ಬಂತು. ಮುಷ್ಟಿ ಎಂದುಕೊಂಡು ಕಣ್ಣು ಮುಚ್ಚಿದೆ.

ಮುಷ್ಟಿಯಲ್ಲ.

ಶೀಶೆ. ಅಂಗೈಯಲ್ಲಿ ಪುಟ್ಟ ಪ್ಲಾಸ್ಟಿಕ್ ಶೀಶೆ. ಮೇಲೆ ನಾಯಿಯ ಚಿತ್ರ.

“ಮದ್ದು ಕೊಟ್ಟುಬಿಟ್ರಾ?” ಎಂದ. ಏದುಸಿರು. “ಸಾರ್... ಮದ್ದು ಕೊಟ್ರಾ ಅದಕ್ಕೆ? ಕೊಡಬೇಡಿ ಸಾರ್... ನಾನು ಬೆಳಿಗ್ಗೆನೇ ಹಾಕಿದ್ದೀನಿ...”

ಡಾಕ್ಟರ್ ಅಲ್ಲಾಡದೆ ನಿಂತ.

“ಏನು ಹಾಕಿದ್ದೀಯ?”

“ಇದನ್ನ ಸಾರ್. ನಮ್ಮ ಭಾವನ ನಾಯಿಗೆ ಉಣ್ಣೆ ಆದಾಗ ತಂದಿದ್ದು. ಬೆನ್ನ ಮೇಲೆ ಸುರಿದೆ. ಸ್ವಲ್ಪ ಹೊತ್ತು ಚೆನ್ನಾಗಿತ್ತು. ಆಮೇಲೆ ಕಾಲು ಎಳೆಯೋಕೆ ಶುರು ಮಾಡ್ತು...”

ಡಾಕ್ಟರ್ ಶೀಶೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ ಚೀಟಿಯ ಸಣ್ಣಕ್ಷರ ಓದಿದ. ಆಮೇಲೆ ಸೂಜಿಯನ್ನು ಟ್ರೇಯಲ್ಲಿಟ್ಟ. ತೀರಾ ಮೆಲ್ಲಗೆ. ಸಿಡಿಯುವ ವಸ್ತು ಇಟ್ಟಂತೆ.

“ಇದೂ ಅದೂ ಒಂದೇ ಮದ್ದು,” ಎಂದ. “ಇದನ್ನ ಮಲಗಿಸಿದ್ದು ನುಸಿ ಅಲ್ಲ. ಮದ್ದು. ನಾಯಿಯ ಲೆಕ್ಕದಲ್ಲಿ ಹಾಕಿದ ಮದ್ದು. ಇದರ ಮೇಲೆ ನಾನೂ ಚುಚ್ಚಿದ್ದಿದ್ರೆ...”

ಉಳಿದದ್ದು ಮೂರೂ ಜನಕ್ಕೆ ಅರ್ಥವಾಗಿತ್ತು.

“ಕಿಟಕಿಯಲ್ಲೇ ಹೇಳೋಕಾಗಿರಲಿಲ್ವಾ ನಿಂಗೆ?” ಎಂದು ಕಂಬನ ಮೇಲೆ ಹರಿಹಾಯ್ದೆ. ತಪ್ಪು ನಮ್ಮದಾದಾಗ ದನಿ ತಾನಾಗಿಯೇ ಏರುತ್ತದೆ.

“ಯಾವಾಗಕ್ಕಾ ಹೇಳ್ಲಿ? ಕಳ್ಳಿ ಅಂದ್ಕೊಂಡು ಹಿಡ್ಕೊಂಡೆ. ನೇತಾಡ್ತಾ ಇದ್ದೆ. ಕಚ್ಚಿದೆ. ಆಮೇಲೆ ದಾರಿ ಪೂರ್ತಿ ಅದನ್ನೇ ತಾನೇ ಕೂಗ್ತಿದ್ದಿದ್ದು!”

“ಇಲ್ಲಿಗೆ ಬಂದಿದ್ದೀನಿ ಅಂತ ಹೇಗೆ ಗೊತ್ತಾಯ್ತು?”

“ಗೊತ್ತಾಗ್ಲಿಲ್ಲ. ಸಾರ್ ಹತ್ರ ಕೇಳೋಣ, ಕಾಲು ಎಳೀತಿದ್ರೆ ಏನು ಮಾಡ್ಬೇಕು ಅಂತ, ಅಂದ್ಕೊಂಡು ಬಂದೆ. ಹೊರಗೆ ನಿನ್ನ ಸ್ಕೂಟರ್ ಕಾಣಿಸ್ತು. ನಿನ್ನೆನೂ ಬಂದಿದ್ದೆ. ಬಾಗಿಲು ಹಾಕಿತ್ತು. ಅದಕ್ಕೇ ನಾಯಿ ಮದ್ದು...”

ಡಾಕ್ಟರ್ ಆಗಲೇ ಬೇಸಿನ್ ಚೆಲ್ಲಿ ಹೊಸ ನೀರು ಹಿಡಿಯುತ್ತಿದ್ದ. “ಮಾತು ಸಾಕು. ನೀನು ಸೋಪು ಕದಡು, ಮಕ್ಕಳ ಸೋಪು ಅಲ್ಲಿದೆ. ಏಯ್, ನೀನು ಕಂಬದ ಹಾಗೆ ನಿಂತ್ಕೋಬೇಡ, ಬಲ್ಬ್ ಹಚ್ಚು.”

“ಸಾರ್, ನನ್ನ ಹೆಸರು ಹೇಗೆ ಗೊತ್ತಾಯ್ತು?” ಎಂದ ಕಂಬ.

ಬೆನ್ನಿಗೆ ಅಂಟಿದ್ದ ಎಣ್ಣೆಯಂಥ ಪಸೆಯನ್ನು ಹುರುಪೆಯ ಸಾಲಿನ ದಿಕ್ಕಿಗೆ ಸವರಿ ತೊಳೆದೆವು. ತೊಳೆದು, ನೀರು ಬದಲಿಸಿ, ಮತ್ತೆ ತೊಳೆದೆವು. ಒರೆಸಿದೆವು. ಬಿಳಿ ಟಿಶ್ಯೂ ಹಾಸಿದ ಹೊಸ ತೊಟ್ಟಿ. ಬಿಳಿಯೇ ಬೇಕಂತೆ, ಉಳಿದ ನುಸಿ ಕಣ್ಣಿಗೆ ಬೀಳಲು. ಮೇಲೆ ಬಲ್ಬ್. ಕೆಳಗೆ ಥರ್ಮಾಮೀಟರ್. ತುಟಿಯ ಅಂಚಿಗೆ ಒಂದು ಹನಿ ನೀರು. ಹನಿ ಹಾಗೇ ನಿಂತಿತು. ಜಾರಿತು.

“ಇದಕ್ಕೆ ಎದುರು ಮದ್ದಿಲ್ಲ,” ಎಂದ ಡಾಕ್ಟರ್. “ಮೈಯೊಳಗೆ ಹೋಗಿರೋದು ತಾನಾಗೇ ಇಳೀಬೇಕು. ಬೆಚ್ಚಗಿಟ್ಟು ಕಾಯೋದು. ಅಷ್ಟೇ.”

ಕಾದೆವು. ಓಡುವುದು ನನಗೆ ಬರುತ್ತದೆ. ಕಾಯುವುದು ಬರುವುದಿಲ್ಲ. ಬೆನ್ನು ನೋಯುತ್ತಿತ್ತು. ಕತ್ತು ತುರಿಸುತ್ತಿತ್ತು. ಕಂಬ ನೆಲದ ಮೇಲೆ ಕೂತಿದ್ದ. ಕೂತರೂ ಅವನ ತಲೆ ಮೇಜಿನ ಎತ್ತರಕ್ಕಿತ್ತು.

“ಯಾಕೆ ಕದ್ದೆ?” ಎಂದು ಕೇಳಿದೆ. ನನ್ನ ವೃತ್ತಿಯಲ್ಲಿ ಕೇಳಬಾರದ ಪ್ರಶ್ನೆ.

“ಕದ್ದಿಲ್ಲಕ್ಕ...” ಎಂದ. ಸ್ವಲ್ಪ ಯೋಚಿಸಿದ. “ಹೂಂ, ಕದ್ದೆ. ಬಂದ ದಿನಾನೇ ಲೈಟಿನ ಕೆಳಗೆ ಕೂರಿಸಿ ನೋಡಿದ್ರು. ಮೈಯೆಲ್ಲಾ ಕೆರ್ಕೋತಾ ಇತ್ತು. ‘ಹುಳ ಹಿಡಿದಿದೆ ಸಾರ್, ತೋರ್ಸೋಣ’ ಅಂದೆ. ‘ಫೋಟೋದಲ್ಲಿ ಹುಳ ಅಳಿಸ್ಬಹುದು. ಸತ್ರೆ ಇನ್ನೊಂದು ತರ್ಸೋಣ’ ಅಂದ್ರು. ನಾನು ವ್ಯಾನಲ್ಲಿ ಹಾಕ್ಕೊಂಡು ಹೋದೆ.”

ನನ್ನ ಫೋನ್ ಬಡಿದುಕೊಂಡಿತು. ಬಿಳಿ ಶೂವಿನ ಫೋಟೋಗ್ರಾಫರ್.

“ಸಿಕ್ತಾ?”

“ಸಿಕ್ಕಿದೆ.”

“ಗುಡ್! ತನ್ನಿ. ಬೆಳಿಗ್ಗೆ ಕ್ಲೈಂಟ್ ಬರ್ತಾರೆ.”

“ತರಲ್ಲ.”

“ಏನಂದ್ರಿ?”

“ಹುಷಾರಿಲ್ಲ ಅದಕ್ಕೆ.”

“ರೀ, ಹುಷಾರು ನಿಮಗಿಲ್ಲ! ಅದು ನನ್ನ ಪ್ರಾಪರ್ಟಿ. ಈ ಊರಲ್ಲಿ ಇನ್ನು ಯಾರೂ ನಿಮ್ಮನ್ನ ಕೆಲಸಕ್ಕೆ ಕರೀದ ಹಾಗೆ ಮಾಡ್ತೀನಿ! ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ!”

ಬೆದರಿಕೆ ಕೇಳಿ ಕೇಳಿ ನನಗೆ ಕಿವಿ ದಡ್ಡುಗಟ್ಟಿದೆ. ಮೈಯಲ್ಲಿ ಕೋಪಕ್ಕೂ ಜಾಗ ಉಳಿದಿರಲಿಲ್ಲ.

“ಆಯ್ತು, ತರ್ತೀನಿ,” ಎಂದೆ. “ಬರೋದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಅದನ್ನ ಮೊನ್ನೆ ಎಲ್ಲಿ ಕೂರಿಸಿದ್ರಿ?”

“ಸೋಫಾ ಮೇಲೆ. ಯಾಕೆ?”

“ಹೊಲಿಗೆಯ ಸಂದಿ ಬಿಡಿಸಿ ನೋಡಿ. ಕಪ್ಪು ಚುಕ್ಕೆ ಇದ್ಯಾ?”

ಹೆಜ್ಜೆ. ಬಟ್ಟೆ ಸರಿದ ಸದ್ದು.

“...ಇದೆ. ಧೂಳು.”

“ಉಸಿರು ಬಿಡಿ ಅದರ ಮೇಲೆ. ನಡೀತಾ?”

ಫೋನಿನಲ್ಲಿ ಒಂದು ಕಿರುಚಾಟ. ಏನೋ ಬಿತ್ತು. ಲೈಟ್ ಸ್ಟ್ಯಾಂಡ್ ಇರಬೇಕು.

“ಅದನ್ನ ತರಬೇಡಿ! ಇಲ್ಲಿಗೆ ತರಲೇಬೇಡಿ! ಎಲ್ಲಾದ್ರೂ ಬಿಸಾಕಿ! ಆ ಡ್ರೈವರ್‌ಗೂ ಹೇಳಿ, ಇತ್ತ ತಲೆ ಹಾಕಿದ್ರೆ...”

ಕಟ್ ಮಾಡಿದೆ.

“ಕೆಲಸ ಹೋಯ್ತಾ?” ಎಂದ ಕಂಬ.

“ಇಬ್ಬರದ್ದೂ.”

ಅವನು ತಲೆಯಾಡಿಸಿದ. ಅವನ ಕಣ್ಣು ತೊಟ್ಟಿಯನ್ನು ಬಿಟ್ಟು ಕದಲಲಿಲ್ಲ.

ಬಿಸಿಲು ಶಟರಿನ ಕೆಳಗಿನಿಂದ ಹಿಂದೆ ಸರಿಯಿತು. ಡಾಕ್ಟರ್ ಒಣಗಿದ ಬ್ರೆಡ್ಡನ್ನು ಮೂರು ಪಾಲು ಮಾಡಿದ. ಅಂಚು ನನಗೆ ಬಂತು. ಹಳೆಯ ಪದ್ಧತಿ.

“ಬದುಕಿದ್ರೆ ಎಲ್ಲಿಡೋದು?” ಎಂದ. “ಇಲ್ಲಿ ಬೇರೆ ಪ್ರಾಣಿಗಳಿವೆ, ಹರಡುತ್ತೆ. ಇವನ ರೂಮಲ್ಲಿ ಮೊಟ್ಟೆ ಬಿದ್ದಿರುತ್ತೆ. ಮೈಮೇಲೆ ಉಳಿದ ನುಸಿ ಇಡೋ ಮೊಟ್ಟೆಯೆಲ್ಲ ಒಡೆದು ಮುಗಿಯೋವರೆಗೂ ದಿನಾ ಟಿಶ್ಯೂ ಬದಲಾಯಿಸ್ಬೇಕು, ಸ್ನಾನ ಮಾಡಿಸ್ಬೇಕು. ಮದ್ದು ಯಾವಾಗ ಅಂತ ನಾನು ಹೇಳ್ತೀನಿ, ನಾನೇ ಹಾಕ್ತೀನಿ. ಯಾರೂ ಬುದ್ಧಿವಂತಿಕೆ ಮಾಡಬಾರದು. ನಿನ್ನ ಮನೇಲಿ ಏನೇನಿದೆ?”

“ಏನಿಲ್ಲ.”

“ನಾಯಿ, ಬೆಕ್ಕು?”

“ಇಲ್ಲ.”

“ಕಾರ್ಪೆಟ್, ಗಿಡ?”

“ಏನೂ ಇಲ್ಲ ಅಂದ್ನಲ್ಲ.”

“ಅದೇ ಬೇಕಾಗಿರೋದು,” ಎಂದ. ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

“ಅಕ್ಕಾ!” ಎಂದ ಕಂಬ. ಪಿಸುಮಾತು.

ತುಟಿಯಂಚಿನ ಹನಿ ಇರಲಿಲ್ಲ. ನಾಲಿಗೆ ಒಮ್ಮೆ ಹೊರಗೆ ಬಂದು ಒಳಗೆ ಹೋಯಿತು. ಡಾಕ್ಟರ್ ಇನ್ನೊಂದು ಹನಿ ಇಟ್ಟ. ಅದೂ ಹೋಯಿತು. ಹಿಂಗಾಲಿನ ಬೆರಳು ಟಿಶ್ಯೂವನ್ನು ಗೀರಿತು. ಆಮೇಲೆ ಕತ್ತು ಮೇಲೆ ಬಂತು, ಜಾಕ್ ಕೊಟ್ಟು ಎತ್ತಿದ ಗಾಡಿಯಂತೆ, ಚೂರುಚೂರೇ.

ಸರಿಯಾಗಿ ನೋಡೋಣವೆಂದು ಬಗ್ಗಿದೆ.

ಅದು ನನ್ನನ್ನು ನೋಡಿತು. ಗದ್ದ ಊದಿತು. ಮುಳ್ಳು ಎದ್ದವು. ಮಸುಕು ಗಡ್ಡ ನೋಡನೋಡುತ್ತಿದ್ದಂತೆ ಕಪ್ಪಿಟ್ಟಿತು. ಬಾಯಿ ಅಗಲವಾಗಿ ತೆರೆಯಿತು. ಗೇಣುದ್ದವೂ ಇಲ್ಲದ ಮೈಯನ್ನೆಲ್ಲ ಸೇರಿಸಿ ಅದು ನನಗೆ ಒಂದೇ ಮಾತು ಹೇಳುತ್ತಿತ್ತು: ಮುಟ್ಟಿ ನೋಡು!

ಆ ದಿನ ನನ್ನನ್ನು ಬೆದರಿಸಿದವರು ನಾಲ್ವರು. ಮನೆಗೆ ಕರೆದುಕೊಂಡು ಹೋಗಬೇಕೆನ್ನಿಸಿದ್ದು ಇವನೊಬ್ಬನನ್ನೇ.